ಡಬ್ಬಿಯ ಮೇಲಿನ ಚೀಟಿ

ಅಣ್ಣಾ,

ನೀನು ಓದಲಾರೆ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಮಾತ್ರೆಗೆ ಬಗ್ಗದ ಎಚ್‌ಐವಿಯ ಮೇಲೆಯೇ ಈಗ ನನ್ನ ಸಂಶೋಧನೆ. ನಿನ್ನನ್ನು ಕೊಂದದ್ದೂ ಅದೇ ಅಲ್ಲವೇ?

ಇವತ್ತು ನಮ್ಮ ಆಸ್ಪತ್ರೆಗೆ ಒಬ್ಬ ಹೆಂಗಸು ಬಂದಿದ್ದಳು. ಮನೆಗೆ ನೆಂಟರು ಬಂದಾಗಲೆಲ್ಲ ಮಾತ್ರೆ ತಪ್ಪಿಸಿ, ತಪ್ಪಿಸಿ, ಈಗ ಆ ಮಾತ್ರೆ ಅವಳಿಗೆ ನಾಟುತ್ತಲೇ ಇಲ್ಲ. ಥೇಟ್ ನಿನ್ನ ಹಾಗೆಯೇ.

"ಜೀವಕ್ಕಿಂತ ಮರ್ಯಾದೆ ಹೆಚ್ಚಾಯ್ತೇನಮ್ಮ? ಯಾರಿಗೆ ಹೆದರ್ತೀರಿ?" ಎಂದು ಭಾಷಣ ಬಿಗಿದೆ.

ಅವಳು ಮೆಲ್ಲಗೆ ಕೇಳಿದಳು: "ನಿಮ್ಮನೇಲಿ ಯಾರಿಗಾದ್ರೂ ಇತ್ತಾ, ಮೇಡಂ?"

ಪಕ್ಕದ ಮೇಜಿನಲ್ಲಿ ಸಹೋದ್ಯೋಗಿಗಳು ತಲೆಯೆತ್ತಿದರು.

"ಛೇ, ಇಲ್ಲಮ್ಮ," ಎಂದೆ.

"ಅದಕ್ಕೇ ನಿಮಗೆ ಅರ್ಥ ಆಗಲ್ಲ ಬಿಡಿ."

ಬೇರೆ ಮಾತ್ರೆಯ ಡಬ್ಬಿ ಕೊಟ್ಟೆ. ಅವಳು ಅದರ ಮೇಲಿನ ಔಷಧದ ಹೆಸರಿನ ಚೀಟಿಯನ್ನು ಅಲ್ಲೇ ಉಗುರಿನಿಂದ ಕೆರೆದು ಕಿತ್ತಳು.

ನಾನು ಕಸದ ಬುಟ್ಟಿಯನ್ನು ಅವಳತ್ತ ಸರಿಸಿದೆ.

ನಿನ್ನ ತಂಗಿ