ಇಲ್ಲದ ಕೆಲಸಕ್ಕೆ ರಾಜೀನಾಮೆ

ಕರಿಬಸಾಪುರ, ಸಿರುಗುಪ್ಪ ತಾಲ್ಲೂಕು
25-2-1974, ಸೋಮವಾರ

ನನ್ನ ಪ್ರೀತಿಯ, ಪ್ರೀತಿಯ ರೀ,

ಎರಡು ಸಲ ಬರೆದದ್ದು ಕೈತಪ್ಪಿ ಅಲ್ಲ! ಧಾರವಾಡದ ಚಳಿಗೆ ಹತ್ತಿದ ಕೆಮ್ಮು ನಿಂತಿತೇ? ಅತ್ತೆ ಕಳಿಸಿದ ಶೇಂಗಾ ಹೋಳಿಗೆಯನ್ನೆಲ್ಲ ಹಾಸ್ಟೆಲಿನವರಿಗೇ ಹಂಚಿದಿರೋ, ಒಂದಾದರೂ ತಿಂದಿರೋ? ನಿಮ್ಮ ಇಂಗ್ಲಿಷ್ ಪತ್ರಕ್ಕೆ ಕೆಂಪು ಶಾಯಿ ಹಾಕಿ ವಾಪಸು ಕಳಿಸಿದ್ದು ಬರೀ ತಮಾಷೆಗೆ. ಅದಕ್ಕೇ ಕೋಪಿಸಿಕೊಂಡು ‘ಇನ್ನು ಕನ್ನಡದಲ್ಲೇ ಬರಿ’ ಎಂದಿರಲ್ಲ, ನೋಡಿ, ನಿಮ್ಮ ಕಾನ್ವೆಂಟ್ ಹುಡುಗಿ ಬರೆಯುತ್ತಿದ್ದಾಳೆ!

ಮದುವೆಯಾಗಿ ಹದಿನೆಂಟನೆಯ ದಿನ ನೀವು ಬಿ.ಎಡ್. ತರಬೇತಿಗೆಂದು ಬಸ್ಸು ಹತ್ತಿದಿರಿ. ಎಲ್ಲಾ ಹೆಡ್‌ಮಾಸ್ತರು ಗವಿಸಿದ್ದಪ್ಪನವರ ಆ ಸುಧಾರಣಾ ಯೋಜನೆಯಿಂದ! ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೊಂದು ಮಕ್ಕಳಲ್ಲಿ ಐದೇ ಮಂದಿ ಪಾಸಾದರೆಂದು ಬರೆದು, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದು. ತಿಂಗಳಿಗೊಂದು ಪರೀಕ್ಷೆ, ಹಿಂದುಳಿದವರಿಗೆ ಸಂಜೆ ಪಾಠ, ಇಂಗ್ಲಿಷ್ ಮಾಸ್ತರಿಗೆ, ಎಂದರೆ ನಿಮಗೆ, ತರಬೇತಿ. ಎಷ್ಟು ಚೆಂದದ ಅಕ್ಷರ! ಅದರಲ್ಲಿ ಎಲ್ಲವೂ ಇತ್ತು, ನೀವು ಹೋದಮೇಲೆ ಇಂಗ್ಲಿಷ್ ಕಲಿಸುವವರು ಯಾರು ಎಂಬುದೊಂದನ್ನು ಬಿಟ್ಟು. ಡ್ರಿಲ್ ಮಾಸ್ತರ ಎರ್ರಣ್ಣ ಪಾಪ, ಸೀಟಿ ಊದಿ ಪದ್ಯ ಹೇಳಿಸುತ್ತಿದ್ದರು. ಕೊನೆಗೊಂದು ದಿನ ನಮ್ಮ ಕಟ್ಟೆಗೇ ಬಂದು ಕೂತರು. “ಅಕ್ಕಾರ, ಮೈದಾನದಾಗ ನಿಲ್ಲಸ್ರಿ, ಹುಲಿ ನಿಂತಂಗ ನಿಲ್ತೀನಿ. ಆ ಪುಸ್ತಕ ಹಿಡದ್ರ ಮಾತ್ರ ಬೆವರು ಇಳೀತೈತ್ರಿ.” ನಾನು ನಗುತ್ತಾ ಶಾಲೆಗೆ ಹೋಗಿ ಪುಸ್ತಕ ಹಿಡಿದೆ. ಹದಿನೈದು ದಿನದ ಮಾತು ಎಂದಿದ್ದರು. ಏಳು ತಿಂಗಳಾಯಿತು.

ಮೊದಲು ಎಂಥ ಹುರುಪು ಗೊತ್ತೇ! ಅರ್ಧವಾರ್ಷಿಕದಲ್ಲಿ ಹತ್ತೊಂಬತ್ತು ಮಂದಿ ಪಾಸಾದಾಗ ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. “ನಮ್ಮ ಸೊಸಿ ಕಾಲಿಟ್ಟಿದ್ದ ಇಟ್ಟಿದ್ದು, ಸಾಲಿ ಸುಧಾರಿಸ್ತು” ಎಂದು ಹಾಡಿದ್ದೇ ಹಾಡು. ಆದರೆ ಸಂಕ್ರಾಂತಿಗೆ ತವರಿಗೆ ಕಳಿಸಲಿಲ್ಲ, ಸಂಜೆ ಪಾಠ ತಪ್ಪುತ್ತದಂತೆ. ಅಮ್ಮನಿಗೆ ಜ್ವರ ಬಂದಾಗಲೂ ಕಳಿಸಲಿಲ್ಲ, ತಿಂಗಳ ಪರೀಕ್ಷೆಯಂತೆ. ನಾಲ್ಕೂವರೆಗೆ ನನ್ನ ತವರಿನ ಕಡೆಗೆ ಹೋಗುವ ಬಳ್ಳಾರಿ ಬಸ್ಸು ತರಗತಿಯ ಕಿಟಕಿಯ ಪಕ್ಕದಲ್ಲೇ ಹೋಗುತ್ತದೆ, ಸೀಮೆಸುಣ್ಣ ಹಿಡಿದುಕೊಂಡೇ ನೋಡುತ್ತೇನೆ. ನನಗೆ ತರಬೇತಿ ಇಲ್ಲ, ಆದೇಶವಿಲ್ಲ, ಹಾಜರಿ ಪುಸ್ತಕದಲ್ಲಿ ನನ್ನ ಪಾಠಕ್ಕೆ ಎರ್ರಣ್ಣನವರದೇ ಸಹಿ. ಬಿಡುತ್ತೇನೆ ಎಂದರೆ ಹೆಡ್‌ಮಾಸ್ತರು ನಗುತ್ತಾರೆ. “ನಿನ್ನ ಹಿಡಕೊಂಡವ್ರು ಯಾರವ್ವಾ?” ನಿಜ, ಇಲ್ಲದ ಕೆಲಸಕ್ಕೆ ರಾಜೀನಾಮೆ ಕೊಡುವುದು ಹೇಗೆ?

ಅಯ್ಯೋ, ಬರೀ ದೂರು ಬರೆದೆ! ಅತ್ತೆ ಮಾವ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ರಾತ್ರಿ ತಂಪಿನಲ್ಲಿ ಓದುತ್ತಾ ಕೂರಬೇಡಿ, ಕೊರಳಿಗೆ ಮಫ್ಲರ್ ಸುತ್ತಿಕೊಳ್ಳಿ. ನಾನು ಹೆಣೆದದ್ದನ್ನೇ!

ಸದಾ ನಿಮ್ಮವಳೇ ಆದ,
ದಾಕ್ಷಿ

ತಾ.ಕ.: ಟಪಾಲಿನವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಇಲ್ಲಿ ಇಂಗ್ಲಿಷ್ ಚೆನ್ನಾಗಿ ನಡೆದಿದೆ ಎಂದು ಹೆಡ್‌ಮಾಸ್ತರು ಮೇಲಿನವರಿಗೆ ಬರೆದರಂತೆ. ಹಾಗಾದರೆ ತರಬೇತಿಯಾದ ಮಾಸ್ತರು ಇಲ್ಲೇಕೆ ಎಂದು ಜೂನ್‌ನಿಂದ ನಿಮ್ಮನ್ನು ಕುರುಗೋಡಿನ ಕಡೆಯ ಹಳ್ಳಿಗೆ ಹಾಕುತ್ತಾರಂತೆ. ನಿನ್ನೆ ಹೆಡ್‌ಮಾಸ್ತರು ಮಾವನವರಿಗೆ ಹೇಳಿದ್ದು ಅಡುಗೆಮನೆಗೆ ಕೇಳಿಸಿತು: “ನಿಮ್ಮ ಹುಡುಗ ಎಲ್ಲೆರ ಹೋಗ್ಲಿ, ಈ ಹುಡುಗಿನ್ನ ಮಾತ್ರ ಕಳಸಬ್ಯಾಡ್ರಿ.” ಮಾವ “ಆತು ಬಿಡ್ರಿ” ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಕೆಟ್ಟದಾಗಿ ಕಲಿಸಿದರೆ ಬಿಟ್ಟಾರು ಎಂದು ಮೊನ್ನೆ ಬೇಕೆಂದೇ ಹಲಗೆಯ ಮೇಲೆ ತಪ್ಪು ಉತ್ತರ ಬರೆದೆ. ಹಿಂದಿನ ಸಾಲಿನ ಪಕ್ಕೀರಮ್ಮ ಎದ್ದು ನಿಂತು, “ಅಕ್ಕಾರ, ಅದು ತಪ್ಪೈತ್ರಿ. ನೀವ ಹೇಳಿಕೊಟ್ಟಿದ್ರಿ” ಎಂದಳು. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಮಾವನವರಿಗೆ ನೀವೇ ಬರೆಯಿರಿ, ಜೂನ್‌ನಲ್ಲಿ ದಾಕ್ಷಿಯನ್ನೂ ಕರೆದುಕೊಂಡು ಹೋಗುತ್ತೇನೆ ಎಂದು. ಬರೆಯಲು ಧೈರ್ಯ ಬರದಿದ್ದರೆ, ಕೆಟ್ಟದಾಗಿ ಕಲಿಸುವುದು ಹೇಗೆಂದು ನಿಮ್ಮ ಕಾಲೇಜಿನಲ್ಲಿ ಕೇಳಿಯಾದರೂ ತಿಳಿಸಿ. ನನ್ನಿಂದ ಆಗುತ್ತಿಲ್ಲ.