ಎರಡು ಗೆರೆ

ನ್ಯೂ ಟೌನ್, ಭದ್ರಾವತಿ
೧೮ ನವೆಂಬರ್ ೨೦೨೪

ಮಗಳೇ ಮೈತ್ರಿ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ನಾಲ್ಕು ಸಲ ನಿನ್ನ ನಂಬರ್ ಒತ್ತಿದೆ. ನಾಲ್ಕು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ಏಳನೇ ಕ್ಲಾಸು ಓದಿದವಳು ನಾನು. ನಿಮ್ಮಪ್ಪ ವರ್ಷಾ ವರ್ಷಾ ತಂದುಕೊಡುತ್ತಿದ್ದ ಡೈರಿಯಲ್ಲಿ ಬರೆದು ಅಷ್ಟಿಷ್ಟು ಅಭ್ಯಾಸ. ಈ ಪತ್ರವನ್ನೂ ಮೊದಲು ಅಲ್ಲೇ ಬರೆದೆ. ಮೂರು ಸಲ ಹೊಡೆದು ಹಾಕಿದೆ.

ನಿಮ್ಮಪ್ಪನ ಹನ್ನೊಂದನೇ ದಿನದ ಕಾರ್ಯ ಮುಗಿಸಿ ನೀನು ಶಿವಮೊಗ್ಗಕ್ಕೆ, ರವೀಂದ್ರನಗರದ ನಿನ್ನ ಮನೆಗೆ ಹೊರಟಾಗ, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಒಂದು ಮಾತು ಹೇಳಿದೆ. "ಅಪ್ಪ ಆವತ್ತು ಯಾಕೆ ಹಂಗೆ ಮಾಡಿದ್ರು ಅಂತ ಒಂದ್ಸಲ ಕೇಳ್ಬೇಕಿತ್ತಮ್ಮ. ಕೇಳ್ಲೇ ಇಲ್ಲ." ನಾನು ಎಲೆ ಎತ್ತುವ ನೆಪ ಮಾಡಿ ಒಳಗೆ ಹೋದೆ. ಅದಕ್ಕೆ ಉತ್ತರ ಅವರ ಹತ್ತಿರ ಇರಲೇ ಇಲ್ಲ. ನನ್ನ ಹತ್ತಿರ ಇದೆ.

ಕಾರ್ಖಾನೆಯ ಗೇಟಿನ ಬೋರ್ಡು ನಿನಗೆ ನೆನಪಿರಬೇಕು. ದಿನಾ ಬೆಳಿಗ್ಗೆ ಅಲ್ಲಿ ಸುರಕ್ಷತೆಯ ಮಾತು ಬರೆಯುವುದು ಅವರ ಕೆಲಸ. ಅದರ ಕೆಳಗೆ ಒಂದು ಅಚ್ಚರಿಯ ಸಂಗತಿ ಬರೆಯುತ್ತಿದ್ದದ್ದು ಅವರ ಹುಚ್ಚು. ಪ್ಯಾರಿಸ್ಸಿನ ಕಬ್ಬಿಣದ ಗೋಪುರ ಬೇಸಿಗೆಯಲ್ಲಿ ಅರ್ಧ ಅಡಿ ಬೆಳೆಯುತ್ತದೆ ಎಂದು ಬರೆದ ದಿನ ಚಹಾ ಅಂಗಡಿಯಲ್ಲಿ ಅವರ ಪಾಳಿಯ ಶಿವಪ್ರಸಾದ್ ಅಡ್ಡ ಹಾಕಿ, "ಚೌಡಪ್ಪಣ್ಣ, ನಮ್ ಸಂಬಳಾನೂ ಸ್ವಲ್ಪ ಬಿಸಿಲಲ್ಲಿ ಇಟ್ ನೋಡಾಣ ಮಾರಾಯ" ಎಂದಿದ್ದನಂತೆ. ಅದನ್ನು ಹೇಳಿಕೊಂಡು ವಾರವಿಡೀ ನಕ್ಕರು.

ಬೋರ್ಡಿಗೆ ಬರೆದದ್ದೇ ಒಂದು ಚೀಟಿಯಾಗಿ ನಿನ್ನ ಟಿಫಿನ್ ಮುಚ್ಚಳದೊಳಗೆ ಹೋಗುತ್ತಿತ್ತು. ಡಬ್ಬಿ ತೆರೆಯುವ ಸಾಧನಕ್ಕಿಂತ ತಗಡಿನ ಡಬ್ಬಿಯೇ ಸುಮಾರು ನಲವತ್ತು ವರ್ಷ ಮೊದಲು ಬಂತು. ಬೆಂಕಿಕಡ್ಡಿಗಿಂತ ಲೈಟರ್ ಮೊದಲು ಬಂತು. ಇಂಥವು. ಕೆಂಪು ಪೆನ್ಸಿಲ್ಲಿನಲ್ಲಿ ಬರೆದು ಮೂಲೆಯಲ್ಲಿ ಎರಡು ಸಣ್ಣ ಗೆರೆ. ಕಾರ್ಖಾನೆಯಿಂದ ಲಾರಿ ಹೊರಗೆ ಹೋಗಬೇಕಾದರೆ ಇಬ್ಬರು ನೋಡಿ ಚೀಟಿಗೆ ಒಂದೊಂದು ಗೆರೆ ಎಳೆಯಬೇಕಿತ್ತಲ್ಲ, ಅದೇ ಪದ್ಧತಿ. ಲೈಬ್ರರಿಯಲ್ಲಿ ಒಂದು ಪುಸ್ತಕದಲ್ಲಿ ಸಿಕ್ಕರೆ ಒಂದು ಗೆರೆ, ಇನ್ನೊಂದರಲ್ಲೂ ಸಿಕ್ಕರೆ ಎರಡನೆಯದು. ಎರಡು ಬೀಳದೆ ನಿನ್ನ ಡಬ್ಬಿಗೆ ಯಾವುದೂ ಹೋಗುತ್ತಿರಲಿಲ್ಲ.

ನೀನು ಸೆಕೆಂಡ್ ಪಿಯುಸಿಯಲ್ಲಿದ್ದಾಗ ಅವರಿಗೆ ಒಂದು ವಾರ ಎರಡೆರಡು ಪಾಳಿ ಬಿತ್ತು. ಆ ವಾರ ಚೀಟಿ ಇರಲಿಲ್ಲ. ಎರಡು ದಿನ ನೀನು ಮುಚ್ಚಳ ತೆರೆದು ಸುಮ್ಮನೆ ಮುಚ್ಚಿದೆಯಂತೆ, ನಿನ್ನ ಗೆಳತಿ ಹೇಮಶ್ರೀ ಹೇಳಿದಳು. ಅದರ ಹಿಂದಿನ ವಾರವಷ್ಟೇ ಹಲ್ಲುನೋವಿಗೆಂದು ಶಿವಮೊಗ್ಗಕ್ಕೆ ಹೋಗಿದ್ದೆ. ಡಾಕ್ಟರ ಕೋಣೆಯ ಹೊರಗೆ ಗಾಜಿನ ತೊಟ್ಟಿ, ಅದರಲ್ಲಿ ಬಂಗಾರದ ಬಣ್ಣದ ಮೀನು. ಕಾಂಪೌಂಡರ್ ಹೇಳಿದ, "ಇವಕ್ಕೆ ಮೂರೇ ಸೆಕೆಂಡ್ ನೆನಪು ಅಮ್ಮ. ಅದಕ್ಕೇ ಬೇಜಾರಿಲ್ದೆ ಸುತ್ತಾವೆ."

ಅದನ್ನೇ ಬರೆದೆ ಮೈತ್ರಿ. ನಿಮ್ಮಪ್ಪನ ಕೆಂಪು ಪೆನ್ಸಿಲ್ಲಿನಲ್ಲಿ, ನಿಮ್ಮಪ್ಪನ ಅಕ್ಷರದ ಹಾಗೆ. ಮೂಲೆಯಲ್ಲಿ ಎರಡು ಗೆರೆಯನ್ನೂ ಎಳೆದೆ.

ನಿನ್ನ ಮುಖ ಬಾಡಬಾರದೆಂದು ಹಾಗೆ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ನಾನು ಕಟ್ಟಿದ ರೊಟ್ಟಿಗಿಂತ ಮೊದಲು ನೀನು ಅವರ ಚೀಟಿ ಹುಡುಕುತ್ತಿದ್ದೆ. ನನ್ನದೂ ಒಂದು ಮಾತನ್ನು ನೀನು ಹಾಗೆ ಹುಡುಕಿ ಓದಲಿ ಎಂದು ಆಸೆಯಾಗಿತ್ತು. ಆ ಸಂಜೆ ನೀನು, "ಅಮ್ಮ, ಇವತ್ತು ಅಪ್ಪ ಬರ್ದಿದ್ದು ಎಲ್ಲಕ್ಕಿಂತ ಚೆನ್ನಾಗಿತ್ತು" ಎಂದೆ. ಡೈರಿಯಲ್ಲಿ ಆ ದಿನದ ಪುಟದಲ್ಲಿ ಅದೊಂದೇ ಸಾಲು ಇದೆ.

ಮುಂದಿನದು ನಿನಗೇ ಗೊತ್ತು. ಶಿವಮೊಗ್ಗದಲ್ಲಿ ಜಿಲ್ಲಾ ಮಟ್ಟದ ರಸಪ್ರಶ್ನೆ, ಕೊನೆಯ ಸುತ್ತು. ಬಂಗಾರದ ಮೀನಿನ ನೆನಪು ಮೂರು ಸೆಕೆಂಡ್ ಮಾತ್ರ, ಸರಿಯೋ ತಪ್ಪೋ ಎಂದು ಕೇಳಿದರು. ಪಕ್ಕದಲ್ಲಿ ಹೇಮಶ್ರೀ ಬೇಡ ಬೇಡ ಎಂದು ನಿನ್ನ ಕೈ ಹಿಡಿದಳು. ನೀನು ಗಂಟೆ ಒತ್ತಿ ಸರಿ ಎಂದೆ. ತಪ್ಪು, ಯಾಕೆ ಸರಿ ಎಂದಿರಿ ಎಂದು ಪ್ರಶ್ನೆ ಹಾಕಿದವರು ಕೇಳಿದರೆ ಮೈಕಿನಲ್ಲೇ, ನಮ್ಮಪ್ಪ ಎರಡು ಕಡೆ ನೋಡಿದ್ದಾರೆ ಎಂದೆ. ಇಡೀ ಸಭೆ ನಕ್ಕಿತು. ನಿಮ್ಮಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಮೂರನೇ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ನೀನು ಜಾಮಿಟ್ರಿ ಬಾಕ್ಸಿನಿಂದ ಆ ಚೀಟಿ ತೆಗೆದು ಅವರ ಮುಂದೆ ಹಿಡಿದೆ. ತಾವು ಬರೆಯದ ಚೀಟಿಯನ್ನು ಅವರು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಬಸ್ಸಿನ ಬೋರ್ಡು ಓದುತ್ತಾ ನಿಂತೆ. "ನಂದೇ ತಪ್ಪು ಮಗಾ. ಸರಿಯಾಗಿ ನೋಡ್ಲಿಲ್ಲ" ಎಂದು ಅದನ್ನು ಮಡಚಿ ಜೇಬಿಗಿಟ್ಟುಕೊಂಡರು. ಇನ್ನು ಮೇಲೆ ನನಗೇನೂ ಬರೀಬೇಡಿ, ಬೋರ್ಡಿಗೇ ಬರ್ಕೊಳ್ಳಿ ಎಂದೆ ನೀನು. ಮಾರನೇ ದಿನದಿಂದ ಅವರು ಬೋರ್ಡಿಗೂ ಅಚ್ಚರಿಯ ಸಂಗತಿ ಬರೆಯಲಿಲ್ಲ. ತಲೆಗೆ ಹೆಲ್ಮೆಟ್ ಧರಿಸಿ, ಅಷ್ಟೇ.

ಆ ರಾತ್ರಿ ಅವರ ಕಾಲು ಹಿಡಿದು, ಅವಳಿಗೆ ಹೇಳಿಬಿಡುತ್ತೇನೆ ಎಂದೆ. ಬೇಡ ಎಂದರು. "ನನ್ ಮೇಲೆ ಸಿಟ್ಟಾದ್ರೆ ನಿನ್ ಹತ್ರ ಬರ್ತಾಳೆ. ನಿನ್ ಮೇಲೂ ಸಿಟ್ಟಾದ್ರೆ ಯಾರ್ ಹತ್ರ ಹೋಗ್ತಾಳೆ ಮಾರಾಯ್ತಿ?" ನಾನು ಒಪ್ಪಿಕೊಂಡೆ. ನನಗೆ ಅನುಕೂಲವಾಗಿತ್ತು, ಅದಕ್ಕೇ ಒಪ್ಪಿಕೊಂಡೆ. ಆಮೇಲೆ ಹದಿಮೂರು ವರ್ಷ ಹಬ್ಬಕ್ಕೆ ಬಂದರೂ ನೀನು ಅಡುಗೆಮನೆಯಲ್ಲೇ ಕೂರುತ್ತಿದ್ದೆ. ಅವರು ಹಜಾರದಲ್ಲಿ ಪೇಪರ್ ಓದುತ್ತಿದ್ದರು, ಪುಟ ತಿರುಗಿಸದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವರ ಎದೆಗೆ ವೈರು ಅಂಟಿಸುವಾಗ ನರ್ಸಿಗೆ ಹೇಳುತ್ತಿದ್ದರು, ಆಕ್ಟೋಪಸ್‌ಗೆ ಮೂರು ಹೃದಯವಂತೆ ಸಿಸ್ಟರ್, ನಮಗೆ ಒಂದೇ ಕೊಟ್ಟು ಮೋಸ ಮಾಡಿದ ದೇವರು ಎಂದು. ಆಮೇಲೆ ನನ್ನ ಕಡೆ ತಿರುಗಿ, ಮೈತ್ರಿಗೆ ಇದು ಗೊತ್ತಿರತ್ತೆ ಎಂದರು. ಕರೀಲಾ ಎಂದು ಕೇಳಿದೆ. ಅವಳಿಗೆ ಸ್ಕೂಲಲ್ಲಿ ಪಾಠ ಮಾಡೋದಿರತ್ತೆ, ಸಂಜೆ ನೋಡೋಣ ಎಂದರು. ನಿನ್ನ ಮನೆಗೆ ಅಲ್ಲಿಂದ ಆಟೋದಲ್ಲಿ ಹತ್ತು ನಿಮಿಷ. ಸಂಜೆಯ ತನಕ ಅವರು ಇರಲಿಲ್ಲ. ಆಗಲೇ ಕರೆಯಬೇಕಿತ್ತು. ನೀನು ಬಂದರೆ ಅವರು ಬಾಯಿ ಬಿಟ್ಟಾರೆಂಬ ಭಯ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಇತ್ತೋ ಏನೋ. ಇಲ್ಲವೆಂದು ಆಣೆ ಇಡಲಾರೆ.

ಕ್ಷಮಿಸು ಎಂದು ಕೇಳುತ್ತಿಲ್ಲ. ನನ್ನ ಮೇಲೆ ಸಿಟ್ಟಾಗು. ಇನ್ನು ಈ ಮನೆಗೆ ಬರದಿದ್ದರೂ ನಾನು ಕಾರಣ ಕೇಳುವುದಿಲ್ಲ. ಆದರೆ ಅವರ ಮೇಲಿನದನ್ನು ಇವತ್ತೇ ಇಳಿಸಿಬಿಡು. ನಿಮ್ಮಪ್ಪ ನಿನಗೆ ಒಂದೇ ಒಂದು ಸುಳ್ಳು ಹೇಳಿದರು. ನಂದೇ ತಪ್ಪು ಮಗಾ ಎಂದದ್ದು.

ನಿನ್ನ ಅಮ್ಮ,
ಹಾಲಮ್ಮ

ಮರೆತಿದ್ದೆ: ಆಸ್ಪತ್ರೆಯವರು ವಾಚಿನ ಜೊತೆ ಅವರ ಪರ್ಸನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಿದ್ದರು. ಮೊನ್ನೆ ತೆರೆದೆ. ಆ ಚೀಟಿ ಅದರಲ್ಲೇ ಇತ್ತು. ಹಿಂಬದಿಯಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ ಅವರು ಬರೆದಿದ್ದಾರೆ, "ಬಂಗಾರದ ಮೀನಿಗೆ ತಿಂಗಳುಗಟ್ಟಲೆ ನೆನಪಿರುತ್ತದೆ. ಅನ್ನ ಹಾಕುವವರ ಗುರುತೂ ಸಿಗುತ್ತದೆ." ಮೂಲೆಯಲ್ಲಿ ಒಂದೇ ಗೆರೆ ಇತ್ತು. ನಿನ್ನೆ ಲೈಬ್ರರಿಗೆ ಹೋದೆ, ಅವರು ಹೋದ ಮೇಲೆ ಮೊದಲ ಸಲ ಮನೆಯಿಂದ ಹೊರಗೆ ಕಾಲಿಟ್ಟದ್ದು. ಅಲ್ಲಿನ ಈಶ್ವರಮ್ಮ ಪುಸ್ತಕ ಹುಡುಕಿಕೊಟ್ಟರು. ಬೆರಳಿಟ್ಟು ಎರಡು ಸಲ ಓದಿದೆ. ಇದೆ. ಚೀಟಿ ಈ ಪತ್ರದೊಳಗೆ ಇಟ್ಟಿದ್ದೇನೆ. ಎರಡನೇ ಗೆರೆ ನನ್ನದು. ಈ ಸಲ ನೋಡಿಯೇ ಎಳೆದಿದ್ದೇನೆ.