ಮೊಣಕೈ ನಿನ್ನದು

ಲುವೊಯಾಂಗ್
ನವೆಂಬರ್ ೧೮

ಬಾವ್‌ಶೆಂಗ್,

ನಿನ್ನ ಕ್ಷೇಮ ವಿಚಾರಿಸಲು ಬರೆದ ಕಾಗದವಲ್ಲ ಇದು. ಝೆಂಗ್‌ಝೌನಲ್ಲಿ ನಿನ್ನ ಅಣ್ಣನ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಮಲಗಿರುತ್ತೀಯ, ಗೊತ್ತು. "ಎಲ್ಲ ತಣ್ಣಗಾಗ್ಲಿ, ಆಮೇಲೆ ಬರ್ತೀನಿ" ಎಂದು ಹೇಳಿಕಳಿಸಿದೆಯಲ್ಲ, ನಾಚಿಕೆ ಆಗಲಿಲ್ಲವೇ ನಿನಗೆ?

ಅಂದು ನಮ್ಮ ಮಾಲೀಸಿನ ಅಂಗಡಿಯಲ್ಲಿ ಲ್ಯಾನ್ ಅಜ್ಜಿಯ ಬೆನ್ನು ಒತ್ತುತ್ತಿದ್ದವಳು ನಾನು, ಸರಿ. ಅಂಗೈ ಇಟ್ಟು, ಮೈ ಸಡಿಲವಾಗುವವರೆಗೆ ಕಾದು, ಕೈಯ ಹಿಂಬದಿಯನ್ನು ಮೆಲ್ಲಗೆ ಉರುಳಿಸುತ್ತಿದ್ದೆ. ಬಿಸಿ ಉಪ್ಪಿನ ಚೀಲ ತರಲು ಒಳಗೆ ಹೋದೆ. ಅಜ್ಜಿ ಮಂಚದ ತೂತಿನಲ್ಲಿ ಮುಖ ಇಟ್ಟು ಬೋರಲು ಮಲಗಿದ್ದಳು. ಹೋದವರು ಬಂದವರು ಯಾರೆಂದು ಅವಳಿಗೆ ಕಾಣುವುದಾದರೂ ಹೇಗೆ? "ಇನ್ನೊಂಚೂರು ಜೋರಾಗಿ ಒತ್ತೇ ಯುನ್‌ಶ್ಯಾ, ಕೈಯಲ್ಲಿ ಶಕ್ತಿ ಇಲ್ವೇನೇ?" ಎಂದಳು. ನೀನು ಮಾತಿಲ್ಲದೆ ಬಂದು ಮೊಣಕೈ ಊರಿದ್ದು ಒಳಬಾಗಿಲಿನಿಂದ ನನಗೆ ಕಂಡಿತು. ಪಕ್ಕೆಲುಬು ಲಟಕ್ಕೆಂದದ್ದು ನನಗೆ ಒಳಗೇ ಕೇಳಿಸಿತು. ಓಡಿ ಬರುವಷ್ಟರಲ್ಲಿ ನೀನು ಮೂಲೆಯಲ್ಲಿ ಟವೆಲ್ ಮಡಚುತ್ತಿದ್ದೆ.

ಅಕ್ಕಿ ಮೂಟೆಯ ಮೇಲೆ ಕೈ ಉರುಳಿಸಿ ಉರುಳಿಸಿ, ಅಕ್ಕಿ ನುಚ್ಚಾಗುವವರೆಗೆ ನಮ್ಮಿಬ್ಬರಿಗೂ ಈ ವಿದ್ಯೆ ಕಲಿಸಿದವರು ನನ್ನ ಅಪ್ಪ. ವಯಸ್ಸಾದವರ ಬೆನ್ನಿಗೆ ಮೊಣಕೈ ತಾಗಿಸಬೇಡ ಎಂದು ಬಡಕೊಂಡರು. "ನೋವಾಗ್ದಿದ್ರೆ ಗಿರಾಕಿಗೆ ಒತ್ತಿದ ಹಾಗೇ ಅನ್ಸಲ್ಲ ಮಾವ" ಅಂದವನು ನೀನು.

ಇರಲಿ, ಕೈ ತಪ್ಪಿತು ಅಂದುಕೊಳ್ಳೋಣ. ಆದರೆ ಅಜ್ಜಿಯ ಮಗ ಕೂಗಾಡುತ್ತ ಬಂದಾಗ ಏನಂದೆ? "ನಮ್ಮವಳ ಕೈ ಇತ್ತೀಚೆಗೆ ಒರಟಾಗಿದೆ, ತಪ್ಪು ತಿಳ್ಕೋಬೇಡಿ." ನಾನು ಅಲ್ಲೇ ನಿಂತಿದ್ದೆ ಕಣೋ! ನಾನಲ್ಲ ಎಂದರೆ ಯಾರು ಕೇಳಿದರು? "ಗಂಡನ ತಲೆಗೆ ಕಟ್ತಾಳೆ ನೋಡಿ" ಎಂದು ಬೆಳಗ್ಗೆ ಸಾರಿನಂಗಡಿಯಲ್ಲಿ ಬಟ್ಟಲು ಹಿಡಿದು ಕೂತವರೆಲ್ಲ ಆಡಿಕೊಂಡರು. ಈಗ ಕೆಮ್ಮು ಇಳಿಯಲೆಂದು ಕೂಸಿನ ಬೆರಳು ನೀವುವುದಕ್ಕೂ ನಾನು ಬೇಡವಾಗಿದ್ದೇನೆ. ನನಗೆ ಇದ್ದದ್ದು ಈ ಎರಡು ಕೈ. ಅದಕ್ಕೇ ಮಸಿ ಬಳಿದೆಯಲ್ಲೋ, ಪಾಪಿ!

ಕೇಳು. ಮೊದಲು ಸಿಕ್ಕಿದ ರೈಲಿಗೆ ಬಾ. ಅಜ್ಜಿಯ ಮನೆಗೆ ಹೋಗಿ, ಅವಳ ಮಗ ಸೊಸೆಯ ಎದುರು, ಊರಿದ ಮೊಣಕೈ ನಿನ್ನದು ಎಂದು ನಿನ್ನ ಬಾಯಿಂದಲೇ ಹೇಳು. ಅಲ್ಲಿಯವರೆಗೆ ಈ ಮನೆಯ ಹೊಸಿಲು ತುಳಿಯಬೇಡ.

ಇನ್ನೂ ನಿನ್ನ ಹೆಂಡತಿ ಅನ್ನಿಸಿಕೊಂಡಿರುವ,
ಯುನ್‌ಶ್ಯಾ

ಇದನ್ನೂ ಓದು: ನಿನ್ನೆ ಅಜ್ಜಿಗೆ ಮೂಳೆಯ ಸಾರು ಕೊಟ್ಟು ಬರಲು ಹೋಗಿದ್ದೆ. ನನ್ನ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡು, "ಹೋಗ್ಲಿ ಬಿಡೇ ಮಗಳೇ, ಕೈ ತಪ್ಪೋದು ಯಾರಿಗಿಲ್ಲ? ನಂಗೆ ನಿನ್ಮೇಲೆ ಸಿಟ್ಟಿಲ್ಲ" ಎಂದಳು. ಬೀದಿಯವರೆಲ್ಲ ಬೈದಾಗ ಅಳದವಳು ಅಲ್ಲಿ ಅತ್ತುಬಿಟ್ಟೆ. ನಾನು ತಪ್ಪು ಒಪ್ಪಿಕೊಂಡೆನೆಂದೇ ತಿಳಿದು, ಅಜ್ಜಿ ನನ್ನ ಕಣ್ಣೊರೆಸಿದಳು.